ಹಳೆಯ ಕ್ರೈಸ್ತ ಕಥೆಯ ತೆಕ್ಲಾಳ ಹಾಗೆ ನಾನೂ ನಿಶ್ಚಯವಾದ ಮದುವೆ ಬಿಟ್ಟು ಕಾನ್ವೆಂಟ್ ಸೇರಲೇ?

ಮೊದಲ ಕಾಲದ ಕ್ರೈಸ್ತರು ಮದುವೆಯನ್ನು ಕೀಳಾಗಿ ಕಾಣುತ್ತಿದ್ದರು, ಹಾಗಿದ್ದ ಮೇಲೆ ನಾನು ಯಾಕೆ ಆಗಲಿ ಅಂತ ಕೇಳಿದ್ದೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಇದನ್ನೇ ನಂಬಿದ್ದೆ. ನಂಬಿ ಸುಮ್ನಿರಲಿಲ್ಲ, ಅಕ್ಕನಿಗೆ ಹೇಳಿಬಿಟ್ಟೆ.

ನನಗೆ ಆಗ 21. ಸನ್ಯಾಸಿನಿಯಾಗಲು ಕಾನ್ವೆಂಟ್ ಸೇರುವುದು ಗಟ್ಟಿಯಾಗಿತ್ತು. ನಮ್ಮ ಮಂಗಳೂರು ಕಡೆ ಮದುವೆಯ ಹಿಂದಿನ ಸಂಜೆ ರೋಸ್ ಶಾಸ್ತ್ರ, ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ. ಹಾಲು ಸುರಿಯುತ್ತಿದ್ದ ಮುಖದಲ್ಲೇ ಅಕ್ಕ ನಗುತ್ತಾ, "ಪುಟ್ಟಿ, ನೀನು ಮಾತ್ರ ಇದನ್ನೆಲ್ಲ ತಪ್ಪಿಸಿಕೊಂಡೆ" ಅಂದಳು. ನಾನು ನಗಲಿಲ್ಲ. "ಹೆಣ್ಣನ್ನು ಮುಟ್ಟದಿರುವುದೇ ಒಳ್ಳೆಯದು ಅಂತ ಸಂತ ಪೌಲರೇ ಬರೆದಿದ್ದಾರೆ. ತಡೆದುಕೊಳ್ಳೋಕೆ ಆಗದವರಿಗೆ ಮದುವೆ" ಅಂದೆ. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅಕ್ಕ ತಲೆ ತಗ್ಗಿಸಿದಳು.

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಮಾತು ಇದೆ.

ಆ ಮಾತು ಪೌಲರು ಕೊರಿಂಥ ಅನ್ನುವ ಗ್ರೀಕ್ ಊರಿನ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದ 7ನೇ ಅಧ್ಯಾಯದ ಮೊದಲ ವಚನದ್ದು. ನಾನು ವಚನದ ಅರ್ಧವನ್ನು ಮಾತ್ರ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದರ ಮುಂಚಿನ ಅರ್ಧ ಹೇಳುವುದು, ನೀವು ಬರೆದು ತಿಳಿಸಿದ ವಿಷಯಗಳ ಬಗ್ಗೆ, ಅಂತ. ಅಂದರೆ ಕೊರಿಂಥದವರು ಮೊದಲು ಕಾಗದ ಬರೆದಿದ್ದರು, ಇದು ಅದಕ್ಕೆ ಉತ್ತರ. ಹೆಣ್ಣನ್ನು ಮುಟ್ಟದಿರುವುದು ಒಳ್ಳೆಯದು ಅನ್ನುವುದು ಅವರ ಕಾಗದದ ಮಾತು, ಪೌಲರು ಅದನ್ನು ಎತ್ತಿಕೊಂಡು ಉತ್ತರ ಕೊಡುತ್ತಿದ್ದಾರೆ ಅಂತ ಇವತ್ತಿನ ಬಹಳಷ್ಟು ವಿದ್ವಾಂಸರು ಓದುತ್ತಾರೆ. ಹಳೆಯ ಗ್ರೀಕ್ ಪ್ರತಿಗಳಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. ಯಾರ ಮಾತು ಎಲ್ಲಿ ಮುಗಿಯಿತು ಅಂತ ಓದುವವರೇ ತಿಳಿಯಬೇಕು.

ಚಿಹ್ನೆಯ ವಿಷಯ ನನಗೆ ಗೊತ್ತಿರಲಿಲ್ಲ, ಸರಿ. ಮುಂದಿನ ವಚನ ಓದಬಹುದಿತ್ತು ಅಲ್ವಾ? ಎರಡನೆಯದರಲ್ಲೇ ಪ್ರತಿಯೊಬ್ಬನಿಗೂ ಅವನ ಹೆಂಡತಿ, ಪ್ರತಿಯೊಬ್ಬಳಿಗೂ ಅವಳ ಗಂಡ ಇರಲಿ ಅನ್ನುತ್ತಾರೆ. ಐದನೆಯದರಲ್ಲಿ, ದಂಪತಿ ದೂರ ಇರುವುದಾದರೆ ಇಬ್ಬರೂ ಒಪ್ಪಿ, ಪ್ರಾರ್ಥನೆಗಾಗಿ, ಸ್ವಲ್ಪ ಕಾಲ ಮಾತ್ರ ಅನ್ನುತ್ತಾರೆ. 25ರಲ್ಲಿ, ಕನ್ಯೆಯರ ಬಗ್ಗೆ ಪ್ರಭುವಿನ ಆಜ್ಞೆ ನನ್ನ ಹತ್ತಿರ ಇಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ ಅಂತ ಬಾಯಿಬಿಟ್ಟು ಹೇಳುತ್ತಾರೆ. ಮದುವೆಯಾಗದಿರುವುದು ಇನ್ನೂ ಮೇಲು ಅಂತಲೂ ಅಂದರು, ನಿಜ. ಉಳಿದ ಕಾಲ ಕಡಿಮೆ ಅಂತ ಅವರು ನಂಬಿದ್ದರು. ಆದರೆ ಮದುವೆ ಹೊಲಸು ಅಂತ ಎಲ್ಲೂ ಇಲ್ಲ. ನಾನು ಒಂದೇ ಒಂದು ಪುಟ ಪೂರ್ತಿ ಓದಿದ್ದರೆ ಸಾಕಿತ್ತು.

ಇದೆಲ್ಲ ತಿಳಿದದ್ದು ಆರು ವರ್ಷ ಆದಮೇಲೆ, ಬೆಂಗಳೂರಿನಲ್ಲಿ ದೈವಶಾಸ್ತ್ರ ಓದುವಾಗ. ಅದೇ ವರ್ಷ ಗಂಗ್ರಾ ಸಭೆಯ ನಿಯಮಗಳನ್ನು ಓದಿದೆವು. ಗಂಗ್ರಾ ಈಗಿನ ಟರ್ಕಿಯಲ್ಲಿದೆ. 4ನೇ ಶತಮಾನದಲ್ಲಿ ಅಲ್ಲಿ ಸೇರಿದ ಬಿಷಪ್‌ಗಳು ಮದುವೆಯನ್ನು ಹಳಿಯುವವರಿಗೆ ಮೊದಲ ನಿಯಮದಲ್ಲೇ ಬಹಿಷ್ಕಾರ ಹಾಕಿದರು. 9ನೆಯದು, ಕನ್ಯಾವ್ರತದ ಚೆಲುವಿಗಾಗಿ ಅಲ್ಲದೆ ಮದುವೆಯ ಮೇಲಿನ ಅಸಹ್ಯದಿಂದ ವ್ರತ ಹಿಡಿಯುವವರ ಬಗ್ಗೆ. 10ನೆಯದು, ವ್ರತ ಹಿಡಿದು ಮದುವೆಯಾದವರ ಮುಂದೆ ಜಂಬ ತೋರಿಸುವವರ ಬಗ್ಗೆ. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ತೆಂಗಿನ ಹಾಲಿನಲ್ಲಿ ನೆನೆದ ಅಕ್ಕನ ಮುಖ ಇತ್ತು.

ಹಾಗಾಗಿ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕನ್ಯತ್ವಕ್ಕೆ ಮೇಲಿನ ಜಾಗ ಕೊಟ್ಟಿದ್ದರು, ಹೌದು. ಕನ್ಯೆಗೆ ನೂರು, ವಿಧವೆಗೆ ಅರವತ್ತು, ಮದುವೆಯಾದವರಿಗೆ ಮೂವತ್ತು ಅಂತ, ಯೇಸು ಹೇಳಿದ ಬಿತ್ತುವವನ ಕಥೆಯಿಂದ ತೆಗೆದು, 4ನೇ ಶತಮಾನದ ಗುರು ಸಂತ ಜೆರೋಮ್ ಬೆಳೆಯ ಲೆಕ್ಕ ಇಟ್ಟರು. ಎಲ್ಲರೂ ಸಮ ಅಂದ, ಅದೇ ಕಾಲದ ಸನ್ಯಾಸಿ ಜೊವಿನಿಯನ್‌ನನ್ನು ಚರ್ಚು ಖಂಡಿಸಿತು. ಆದರೆ ಮೇಲು ಅನ್ನುವುದು ಬೇರೆ, ಉಳಿದದ್ದು ಕೀಳು ಅನ್ನುವುದು ಬೇರೆ.

ಜೆರೋಮರ ಪತ್ರ ಓದಿ ಉಪವಾಸ ಶುರು ಮಾಡಿದ್ದೇನೆ ಅಂದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ ತಂಗಿ. ಅವರ ಮಾರ್ಗದರ್ಶನದಲ್ಲಿದ್ದ ಬ್ಲೆಸಿಲ್ಲಾ, ಇಪ್ಪತ್ತರ ಆಸುಪಾಸಿನ ವಿಧವೆ, ಕಠಿಣ ತಪಸ್ಸಿಗೆ ಇಳಿದು ಕೆಲವೇ ತಿಂಗಳಲ್ಲಿ, 384ರಲ್ಲಿ, ತೀರಿಕೊಂಡಳು. ಉಪವಾಸವೇ ಕೊಂದಿತು ಅಂತ ರೋಮಿನ ಜನ ಸಿಟ್ಟಿಗೆದ್ದದ್ದನ್ನು ಜೆರೋಮರೇ ಬರೆದಿದ್ದಾರೆ.

ಇನ್ನು ತೆಕ್ಲಾ. ಕಿಟಕಿಯಲ್ಲಿ ಕೂತು ಪೌಲರ ಮಾತು ಕೇಳಿ ಮದುವೆ ಬಿಟ್ಟಳು, ಅಷ್ಟೇ ನಿಮಗೆ ಹಿಡಿಸಿದೆ. ಆ 2ನೇ ಶತಮಾನದ ಕಥೆಯಲ್ಲಿ ಮನೆಯೆಲ್ಲ ಅಳುವುದೂ ಇದೆ. ಹೆಂಡತಿ ಹೋದಳು ಅಂತ ಅವಳಿಗೆ ನಿಶ್ಚಯವಾಗಿದ್ದ ಹುಡುಗ, ಮಗಳು ಹೋದಳು ಅಂತ ತಾಯಿ, ಒಡತಿ ಹೋದಳು ಅಂತ ಆಳುಗಳು. ನಿಮ್ಮ ಹುಡುಗನ ಹತ್ತಿರ ನೀವೇ ಹೋಗಿ ಮಾತಾಡಿ. ಅವನು ಒಳ್ಳೆಯವನು, ಆದರೂ ದೇವರ ಕರೆ ಬಿಡುತ್ತಿಲ್ಲ ಅನ್ನಿಸಿದರೆ ಕಾನ್ವೆಂಟಿಗೆ ಬನ್ನಿ. ಮದುವೆ ಅಂದರೆ ಅಸಹ್ಯ ಅಂತ ಮಾತ್ರ ಬರಬೇಡಿ.

ನನಗೆ ಈಗ 43. ಇಲ್ಲೇ ಇದ್ದೇನೆ, ಸೇರಿದ್ದಕ್ಕೆ ಬೇಸರವಿಲ್ಲ. ನನ್ನ ಮೊದಲ ವ್ರತದ ದಿನ ಅಕ್ಕ ಬರಲಿಲ್ಲ. ಅವಳ ಮಗುವಿನ ಜ್ಞಾನಸ್ನಾನಕ್ಕೆ ನನ್ನನ್ನು ಕರೆಯಲಿಲ್ಲ. ಎಂಟು ವರ್ಷ ಆದಮೇಲೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಏನೂ ಅನ್ನದೆ ಊಟ ಬಡಿಸಿದಳು, ನಾನು ಸಣ್ಣವಳಿದ್ದಾಗ ಇಷ್ಟಪಡುತ್ತಿದ್ದ ಮೀನಿನ ಸಾರು. ಈಗ ಹೋಗಿ ಬಂದು ಮಾಡುತ್ತೇವೆ. ಆದರೆ ಪುಟ್ಟಿ ಅನ್ನುವುದಿಲ್ಲ. ಎಲ್ಲರ ಹಾಗೆ ಸಿಸ್ಟರ್ ಅನ್ನುತ್ತಾಳೆ.