ಮಾವ ತೋರಿಸಿದ ಲಾರಿ, ಅಮ್ಮನ ಎರಡು ಎಕರೆ

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಶಿರಾ ತಾಲ್ಲೂಕಿನ ಒಂದು ಹಳ್ಳಿ. ಪಿಯುಸಿ ಆಗಿದೆ. ಅಪ್ಪ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಅಮ್ಮ, ಓದುತ್ತಿರುವ ತಂಗಿ, ಎರಡು ಎಕರೆ ಕಡಲೆಕಾಯಿ ಹೊಲ. ಚಿಕ್ಕಂದಿನಿಂದ ನನಗೆ ಲಾರಿ ಅಂದರೆ ಪ್ರಾಣ. ಕಾರಿನ ಲೈಸೆನ್ಸ್ ತೆಗೆದು ಎರಡು ವರ್ಷವಾಯಿತು. ಕೈಯಲ್ಲಿ 40 ಸಾವಿರ ಇದೆ. ಸೋದರಮಾವ ಒಂದು ಹಳೇ ಹತ್ತು ಚಕ್ರದ ಲಾರಿ ನೋಡಿದ್ದಾರೆ, 14 ಲಕ್ಷವಂತೆ. ಹೊಲದ ಮೇಲೆ 3 ಲಕ್ಷ ಎತ್ತಿ ಕಟ್ಟು, ಉಳಿದದ್ದು ಫೈನಾನ್ಸ್, ತಿಂಗಳಿಗೆ 38 ಸಾವಿರ ಕಂತು, ಮೂರು ವರ್ಷಕ್ಕೆ ಗಾಡಿ ನಿನ್ನದೇ ಅನ್ನುತ್ತಾರೆ. ಹೆವಿ ಲೈಸೆನ್ಸಿಗೆ ಒಬ್ಬ ಏಜೆಂಟ್ 25 ಸಾವಿರ ಕೇಳಿದ್ದಾನೆ, ಟೆಸ್ಟಿಗೂ ಬರುವುದು ಬೇಡವಂತೆ. ನಮ್ಮೂರ ಲಾರಿ ಓನರ್ ಒಬ್ಬರು ಕ್ಲೀನರ್ ಆಗಿ ಬಾ, ತಿಂಗಳಿಗೆ 9 ಸಾವಿರ, ಬತ್ತಾ ಬೇರೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದುಕೊಡು ಅಂದಿದ್ದಾರೆ. ಪಿಯುಸಿ ಓದಿ ಕ್ಲೀನರ್ ಆಗುವುದಾ? ಸ್ನೇಹಿತರು ನಗುತ್ತಾರೆ. ಅಮ್ಮ ಲಾರಿ ಅಂದರೆ ಸಾಕು, ಅಳುತ್ತಾಳೆ. ಏನು ಮಾಡಲಿ?

ತಮ್ಮಾ, ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮೊದಲು ಮಾವನ ಲಾರಿ. ಬೇಡ. ಈ ಒಂದು ವಿಷಯದಲ್ಲಿ ನಾನು ಆ ಕಡೆ ಈ ಕಡೆ ಮಾತಾಡುವುದಿಲ್ಲ. ಲೆಕ್ಕ ನೀನೇ ಹಾಕು. 38 ಸಾವಿರದ ಹಾಗೆ 36 ಕಂತು ಅಂದರೆ 13 ಲಕ್ಷ 68 ಸಾವಿರ, ಮುಂಗಡ ಸೇರಿದರೆ 16 ಲಕ್ಷ 68 ಸಾವಿರ, ಅದೂ ಒಂದು ಹಳೇ ಗಾಡಿಗೆ. ಹೊಲದ ಮೇಲೆ ಎತ್ತುವ 3 ಲಕ್ಷಕ್ಕೆ ಬಡ್ಡಿ ಬೇರೆ, ಅದನ್ನು ಮಾವ ಹೇಳಿಯೇ ಇಲ್ಲ ಅಲ್ವಾ? ಆಮೇಲೆ ಇನ್ಶೂರೆನ್ಸ್. ಹತ್ತು ಚಕ್ರದ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ ವರ್ಷಕ್ಕೆ 40 ಸಾವಿರದ ಮೇಲಾಗುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ ಅಂದರೆ ಎಫ್‌ಸಿ, ಅದಕ್ಕೆ ಮೊದಲು ಬಾಡಿ ಕೆಲಸ, ಪೇಂಟು, ಬ್ರೇಕು. ಟೈರು ಹತ್ತು, ಮೇಲೊಂದು ಸ್ಟೆಪ್ನಿ. ಲೋಡು ಹಾಕಿಕೊಂಡು ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ, ಹೋಗಿಬರುವ 800 ಕಿಲೋಮೀಟರಿಗೆ 200 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ 18 ಸಾವಿರ. ಬರುವಾಗ ರಿಟರ್ನ್ ಲೋಡು ಸಿಗದಿದ್ದರೆ ಅರ್ಧ ಡೀಸೆಲ್ ಸುಮ್ನೆ ಹೊಗೆ. ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಾಡಿಗೆಯಲ್ಲಿ ಸ್ವಲ್ಪ ಅಡ್ವಾನ್ಸ್ ಕೊಟ್ಟು ಬಾಕಿಯನ್ನು ತಿಂಗಳಾನುಗಟ್ಟಲೆ ಎಳೆಯುವುದೂ ಇದೆ. ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮಪ್ಪ 26 ವರ್ಷ ಲಾರಿ ಓಡಿಸಿದವರು. ಅದರಲ್ಲಿ ಹದಿನಾಲ್ಕು ತಿಂಗಳು ಮಾತ್ರ ಸ್ವಂತ ಲಾರಿ. ನಾನಾಗ ಏಳನೇ ಕ್ಲಾಸು. ಮುಂದಿನ ಗಾಜಿನ ಮೇಲೆ ನನ್ನ ಹೆಸರು ಬರೆಸಿದ್ದರು. ಒಂದು ಗೇರ್‌ಬಾಕ್ಸ್ ಹೋಯಿತು, ಆಮೇಲೆ ಮಳೆಗಾಲದಲ್ಲಿ ಲೋಡು ನಿಂತಿತು, ಮೂರು ಕಂತು ತಪ್ಪಿತು. ಫೈನಾನ್ಸಿನವರು ಬೆಳಗಿನ ಜಾವ ಪೆಟ್ರೋಲ್ ಬಂಕಿನಿಂದಲೇ ಗಾಡಿ ಎಳೆದುಕೊಂಡು ಹೋದರು. ಅಪ್ಪ ಮನೆಗೆ ಬಂದದ್ದು ಒಂದು ಹಾಸಿಗೆ ಸುರುಳಿ, ಒಂದು ಸೀಮೆಎಣ್ಣೆ ಸ್ಟೌ, ದೇವರ ಫೋಟೋ ಹಿಡಿದುಕೊಂಡು. ಅವರು ಒಳ್ಳೆಯ ಡ್ರೈವರ್. ಆದರೆ ಲಾರಿ ಓಡಿಸುವುದು ಒಂದು ಕಸುಬು, ಲಾರಿ ಇಟ್ಟುಕೊಳ್ಳುವುದು ಇನ್ನೊಂದು ಕಸುಬು. ನಿನಗೆ ಇನ್ನೂ ಮೊದಲನೆಯದೇ ಗೊತ್ತಿಲ್ಲ.

ಮಾವ ಖಂಡಿತ ವಿಆರ್‌ಎಲ್ ಲಾರಿ ಕಂಪನಿ ಕಟ್ಟಿದ ಸಂಕೇಶ್ವರರ ಕಥೆ ಹೇಳಿರುತ್ತಾರೆ, ಎಲ್ಲರೂ ಹೇಳುತ್ತಾರೆ. ನಿಜ, ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು. ಆದರೆ ಅವರ ಮನೆಯಲ್ಲಿ ಆಗಲೇ ಪ್ರಿಂಟಿಂಗ್ ವ್ಯವಹಾರ ಇತ್ತು. ನಿನ್ನ ಹಿಂದೆ ಇರುವುದು ಎರಡು ಎಕರೆ ಮಳೆ ನಂಬಿದ ಹೊಲ, ಮದುವೆಯಾಗಬೇಕಾದ ತಂಗಿ. ಒಂದೇ ಲಾರಿಯಿಂದ ಶುರು ಮಾಡಿ ಒಂದೇ ಲಾರಿಯಲ್ಲಿ ಮುಗಿದುಹೋದವರ ಕಥೆಯನ್ನು ಯಾರೂ ಹೇಳುವುದಿಲ್ಲ ನೋಡು.

ಇನ್ನು ಏಜೆಂಟ್. ಟೆಸ್ಟಿಗೆ ಬರುವುದು ಬೇಡ ಅನ್ನುವವನ ಹತ್ತಿರ ನಿಂತು ಮಾತೂ ಆಡಬೇಡ. ಅವನು ಕೊಡುವ ಕಾರ್ಡು ಆನ್‌ಲೈನಿನಲ್ಲಿ ತೆಗೆದು ನೋಡಿದರೆ ಇಲ್ಲದಿರಬಹುದು, ಇದ್ದರೂ ನಿನ್ನ ಕೈಗೆ ಸ್ಟೀರಿಂಗ್ ಬರುವುದಿಲ್ಲ. ನಕಲಿ ಅಂತ ಗೊತ್ತಾಗುವುದು ಆಕ್ಸಿಡೆಂಟ್ ಆದ ದಿನ. ಅಷ್ಟು ಹೊತ್ತಿಗೆ ಕೇಸು ನಿನ್ನ ತಲೆ ಮೇಲೆ, ಇನ್ಶೂರೆನ್ಸಿನವರು ಪರಿಹಾರ ಕಟ್ಟಿದರೂ ಆ ದುಡ್ಡನ್ನು ಓನರ್ ಹತ್ತಿರ ವಸೂಲಿ ಮಾಡುತ್ತಾರೆ. ಸರಿಯಾದ ದಾರಿ ಅಷ್ಟೇನೂ ಕಷ್ಟವಿಲ್ಲ. ಸಾರಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಎರಡೂ ನಿನಗಿದೆ. ವೈದ್ಯರ ಸರ್ಟಿಫಿಕೇಟ್ ಇಟ್ಟು ಕಲಿಯುವವರ ಲೈಸೆನ್ಸ್ ಅಂದರೆ ಎಲ್‌ಎಲ್ ತೆಗೆಸು, ಲೈಸೆನ್ಸ್ ಇರುವ ಡ್ರೈವಿಂಗ್ ಸ್ಕೂಲಿನಲ್ಲಿ ಹೆವಿ ಕಲಿತು ಅವರಿಂದ ಫಾರಂ 5 ಅನ್ನುವ ತರಬೇತಿ ಸರ್ಟಿಫಿಕೇಟ್ ತೆಗೆದುಕೋ, ತಿಂಗಳಾದ ಮೇಲೆ ಟೆಸ್ಟು ಕೊಡು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಒಂದು ಸಲ ಫೇಲಾದರೂ ಪ್ರಪಂಚ ಮುಳುಗುವುದಿಲ್ಲ. ನಿನ್ನ 40 ಸಾವಿರ ಖರ್ಚಾಗಬೇಕಾದದ್ದು ಇಲ್ಲಿ. ಅದಕ್ಕೂ ಮೊದಲು ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆ ಕಚೇರಿಗೆ ಹೋಗಿ ಡ್ರೈವಿಂಗ್ ತರಬೇತಿ ಯೋಜನೆ ಏನಾದರೂ ಇದೆಯಾ ಕೇಳು. ಕೆಎಸ್‌ಆರ್‌ಟಿಸಿ ತರಬೇತಿ ಕೇಂದ್ರದಲ್ಲಿ ಹೆವಿ ಕಲಿಯಲು ಅವಕಾಶ ಸಿಕ್ಕರೆ ಬಿಡಬೇಡ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ನಿನಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ, ನಿನ್ನ ಈಗಿನ ಲೈಸೆನ್ಸಿನಲ್ಲೇ ಒಟ್ಟು ತೂಕ 7,500 ಕೆ.ಜಿ. ಒಳಗಿರುವ ಗೂಡ್ಸ್ ಗಾಡಿ ಓಡಿಸಬಹುದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತ ಮಾಡಿದೆ. ಟಾಟಾ ಏಸ್, ಬೊಲೆರೊ ಪಿಕಪ್, ಇವೆಲ್ಲ ಅದರೊಳಗೇ ಬರುತ್ತವೆ. ತುಮಕೂರಿನ ವಸಂತನರಸಾಪುರದ ಫ್ಯಾಕ್ಟರಿಗಳಿಗೆ, ಯಶವಂತಪುರ ಮಾರ್ಕೆಟ್ಟಿಗೆ ದಿನಾ ಎಷ್ಟು ಪಿಕಪ್ ಓಡಾಡುತ್ತವೆ ನೋಡಿದ್ದೀಯಲ್ಲ. ನಾಲ್ಕೈದು ತಿಂಗಳು ಅದನ್ನು ಓಡಿಸಿದರೆ ದುಡಿಮೆಯೂ ಆಯಿತು, ಕೈಯೂ ಪಳಗಿತು.

ಹೆವಿ ಎಲ್‌ಎಲ್ ಕೈಗೆ ಬಂದ ಮೇಲೆ ಆ ಓನರ್ ಹತ್ತಿರ ಹೋಗು. ಹೌದು, ಕ್ಲೀನರ್ ಆಗಿಯೇ. ಕ್ಲೀನರ್ ಅಂದರೆ ಗ್ಲಾಸು ಒರೆಸುವವನು, ಟೀ ತರುವವನು ಅಂತ ನಿನ್ನ ಸ್ನೇಹಿತರು ಅಂದುಕೊಂಡಿದ್ದಾರೆ. ನಮ್ಮಪ್ಪ ಹೊರಡುವ ಮೊದಲು ಒಂದು ಕಬ್ಬಿಣದ ರಾಡು ಹಿಡಿದು ಗಾಡಿ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಒಂದೊಂದು ಟೈರಿಗೂ ಒಂದೊಂದು ಏಟು. ಗಾಳಿ ಸರಿಯಿದ್ದರೆ ಟಣ್ ಅಂತ ಏಟು ವಾಪಸ್ ಹಾರುತ್ತದೆ, ಕಡಿಮೆ ಇದ್ದರೆ ಬೊದ್ ಅನ್ನುತ್ತದೆ. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಪಂಕ್ಚರ್ ಆಗಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ, ಹೊರಗಿನದು ಎತ್ತಿ ಹಿಡಿದಿರುತ್ತದೆ, ಆ ಸದ್ದೇ ಗತಿ. ಇದನ್ನು ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಕಲಿಸುವುದಿಲ್ಲ. ಟಾರ್ಪಾಲಿನ ಹಗ್ಗ ಎಲ್ಲಿ ಬಿಗಿಯಬೇಕು, ಹಮಾಲರ ಜೊತೆ ಹೇಗೆ ಮಾತಾಡಬೇಕು, ಯಾವ ಡಾಬಾದ ಮುಂದೆ ನಿಲ್ಲಿಸಿದರೆ ಡೀಸೆಲ್ ಕದಿಯುತ್ತಾರೆ, ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲಿನ ಅವಧಿ ಮುಗಿದರೆ ಏನಾಗುತ್ತದೆ (200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ, ಗಾಡಿ ಕೆಟ್ಟು ನಿಂತರೆ ಮೊದಲು ನೆನಪಾಗಬೇಕಾದದ್ದು ಅದು), ಇದೆಲ್ಲ ಎಡಗಡೆ ಸೀಟಿನಲ್ಲಿ ಕೂತು ಕಲಿಯುವ ವಿದ್ಯೆ.

ಮತ್ತೆ ಘಾಟಿ. ಶಿರಾಡಿ ಇಳಿಯುವಾಗ ಡ್ರೈವರ್ ಕಾಲು ಎಲ್ಲಿದೆ ನೋಡು, ಕಿವಿ ಇಂಜಿನ್ ಮೇಲಿರಲಿ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅನ್ನುವುದು ಹಳೇ ಡ್ರೈವರ್‌ಗಳ ಮಾತು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವವನ ಜೊತೆ ಎರಡನೇ ಟ್ರಿಪ್ ಹೋಗಬೇಡ. ನ್ಯೂಟ್ರಲ್‌ನಲ್ಲಿ ಇಂಜಿನ್ ಹಿಡಿತ ಹೋಗಿ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ಮು ಕಾದು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ.

ಓನರ್ ಹತ್ತಿರ ಸೇರುವ ಮೊದಲು ಕೆಲವು ಮಾತು ಬಾಯಿಬಿಟ್ಟು ಕೇಳು, ನಾಚಿಕೆ ಬೇಡ. ಸಂಬಳ ಯಾವ ತಾರೀಖಿಗೆ, ಬತ್ತಾ ದಿನಕ್ಕೆ ಎಷ್ಟು, ಗಾಡಿ ಲೋಡಿಗೆ ಕಾದು ನಿಂತ ದಿನವೂ ಬತ್ತಾ ಇದೆಯಾ, ದಾರಿಯಲ್ಲಿ ದಂಡ ಬಿದ್ದರೆ ಯಾರು ಕಟ್ಟುವುದು. ಓವರ್‌ಲೋಡಿಗೆ ಕಾಯ್ದೆಯಲ್ಲಿ 20 ಸಾವಿರ, ಜಾಸ್ತಿ ಹಾಕಿದ ಪ್ರತಿ ಟನ್ನಿಗೆ ಮೇಲೆ 2 ಸಾವಿರ. ಅದು ನಿನ್ನ ತಲೆಗೆ ಬರಬಾರದು ಅಂತ ಮೊದಲೇ ಮಾತಾಡಿಕೋ. ಗಾಡಿ ಇನ್ಶೂರೆನ್ಸಿನಲ್ಲಿ ಡ್ರೈವರ್, ಕ್ಲೀನರ್ ಇಬ್ಬರನ್ನೂ ಸೇರಿಸಿದ್ದಾರಾ ಅಂತಲೂ ಕೇಳು. ತಲೆಗೆ ವರ್ಷಕ್ಕೆ 50 ರೂಪಾಯಿಯ ಮಾತು, ಎಷ್ಟೋ ಓನರ್‌ಗಳು ಅದನ್ನೂ ಉಳಿಸುತ್ತಾರೆ. ಹಬ್ಬಕ್ಕೆ, ತಂಗಿ ಫೀಸಿಗೆ ಅಂತ ದೊಡ್ಡ ಅಡ್ವಾನ್ಸ್ ಮಾತ್ರ ತಗೋಬೇಡ. ಅದು ತೀರುವವರೆಗೆ ಕೆಲಸ ಬಿಡಲಾಗುವುದಿಲ್ಲ, ಅದು ತೀರುವುದೂ ಇಲ್ಲ. ಮತ್ತೆ ರಾತ್ರಿ ಎರಡು ಗಂಟೆಗೆ ಡ್ರೈವರಣ್ಣ ನಿನಗೆ, ನನಗೆ ನಿದ್ದೆ ಬರ್ತಿದೆ, ನೀನು ಸ್ವಲ್ಪ ಸ್ಟೀರಿಂಗ್ ಹಿಡಿಯೋ ಅಂದರೆ, ಲೈಸೆನ್ಸ್ ಬರುವವರೆಗೆ ಹಿಡಿಯಬೇಡ. ನಿಲ್ಲಿಸಿ ಮಲಗೋಣ ಅನ್ನು. ಬೈಯುತ್ತಾನೆ, ಬೈಯಲಿ.

ಮಾವನಿಗೆ ಏನು ಹೇಳುವುದು? ಜಗಳ ಬೇಡ. ಒಂದು ವರ್ಷ ಬೇರೆಯವರ ಗಾಡಿಯಲ್ಲಿ ಓಡಾಡಿಕೊಂಡು ಬರ್ತೀನಿ ಮಾವ, ಆಮೇಲೆ ನೀವೇ ಜೊತೆಗಿದ್ದು ಒಳ್ಳೆ ಗಾಡಿ ನೋಡಿಕೊಡಿ ಅನ್ನು. ಆಗಲೂ ಈ ಲಾರಿಯೇ ಆಗಬೇಕು ಅಂತ ಹಟ ಹಿಡಿದರೆ ಅದರ ಮಾರಾಟದಲ್ಲಿ ಅವರಿಗೆ ಏನೋ ಕಮಿಷನ್ ಇದೆ ಅಂತ ನನ್ನ ಅನುಮಾನ. ತಪ್ಪಾಗಿದ್ದರೆ ಮಾವ ಕ್ಷಮಿಸಲಿ. ಮುಂದೆ ಸ್ವಂತ ಗಾಡಿ ಬೇಕು ಅನ್ನಿಸಿದಾಗ ಸ್ವಾವಲಂಬಿ ಸಾರಥಿ ಅಂತ ಸರ್ಕಾರದ ಯೋಜನೆ ಇದೆ. ಗೂಡ್ಸ್ ಗಾಡಿ ಕೊಳ್ಳಲು ಪರಿಶಿಷ್ಟ ಜಾತಿ, ಪಂಗಡದವರಿಗೆ 75 ಪರ್ಸೆಂಟ್, ಗರಿಷ್ಠ 4 ಲಕ್ಷ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ 50 ಪರ್ಸೆಂಟ್, ಗರಿಷ್ಠ 3 ಲಕ್ಷ ಸಹಾಯಧನ. ನಿನ್ನ ವರ್ಗದ ನಿಗಮದಲ್ಲಿ ಅರ್ಜಿ ಯಾವಾಗ ಕರೆಯುತ್ತಾರೆ ವಿಚಾರಿಸಿಟ್ಟುಕೋ. ಸಣ್ಣ ಗಾಡಿಯಿಂದ ಶುರು ಮಾಡಿದರೆ ಹೊಲದ ಪಹಣಿ ಬೀರುವಿನಲ್ಲೇ ಇರುತ್ತದೆ.

ಅಮ್ಮ ಅಳುವುದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನಮ್ಮಮ್ಮನೂ ಅತ್ತವಳೇ. ಆಗ ಮೊಬೈಲ್ ಇರಲಿಲ್ಲ, ಅಪ್ಪ ಹೇಳಿದ ದಿನಕ್ಕಿಂತ ಎರಡು ದಿನ ತಡವಾದರೆ ಅವಳು ಒಲೆ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಲಾರಿ ಡ್ರೈವರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ ಅನ್ನುವುದೂ ಸುಳ್ಳಲ್ಲ. ಗುಟ್ಕಾ, ಕುಡಿತ, ನಿದ್ದೆಗೆಟ್ಟು ಓಡಿಸುವುದು, ಇವು ಮೂರನ್ನೂ ನೋಡಿಯೇ ಜನ ಹಾಗಂದಿದ್ದು. ಆದರೆ ನಿನ್ನ ಪತ್ರ ಎರಡು ಸಲ ಓದಿದೆ. ಅಮ್ಮ ಹೆದರಿರುವುದು ಲಾರಿಗೋ ಅಥವಾ ಹೊಲ ಹೋದೀತು ಅಂತಲೋ? ನೀನು ಕೇಳಿದ್ದೀಯಾ? ಊಟಕ್ಕೆ ಕೂತಾಗ, ತಂಗಿಯೂ ಇರುವಾಗ, ಹೊಲಕ್ಕೆ ಕೈ ಹಾಕುವುದಿಲ್ಲ ಅಂತ ಮೊದಲು ಹೇಳು. ಉಳಿದದ್ದನ್ನು ಆಮೇಲೆ ಮಾತಾಡು.

ಮಾರ್ಕ್ಸ್ ಕಾರ್ಡು ಕೊಡಬೇಡ. ಅಸಲಿ ಲೈಸೆನ್ಸನ್ನೂ ಯಾರ ಹತ್ತಿರವೂ ಒತ್ತೆ ಇಡಬೇಡ. ಝೆರಾಕ್ಸ್ ಕೊಡ್ತೀನಿ ಸಾರ್ ಅನ್ನು. ಅಸಲಿಯೇ ಬೇಕು ಅಂದರೆ ಶಿರಾದಲ್ಲಿ ಇನ್ನೊಬ್ಬ ಓನರ್ ಸಿಗುತ್ತಾರೆ, ಹೈವೇ ಪಕ್ಕದ ಊರು ನಿಮ್ಮದು.