ಕೈ ಕುದುರುವ ಹುಡುಗರು: ರಾಲಿಯ ಊಟದ ಟೇಬಲ್ಲಿಗೆ ಒಂದಿಷ್ಟು ತಯಾರಿ

ತಮ್ಮಾ, ನೀನು ಕೇಳಿದ್ದು ಇಷ್ಟು: ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿಗೆ ಬಂದು ಮೂರು ತಿಂಗಳಾಯಿತು, ಮನೆ ಸಿಕ್ಕಿತು, ಕೆಲಸವೂ ಹಿಡಿತಕ್ಕೆ ಬಂತು. ಆದರೆ ಮಧ್ಯಾಹ್ನ ಊಟಕ್ಕೆ ಕೂತರೆ ಟೀಮಿನವರೆಲ್ಲ ಕಾಲೇಜು ಬ್ಯಾಸ್ಕೆಟ್‌ಬಾಲ್ ಮಾತಾಡುತ್ತಾರೆ, ಯಾವುದೋ ಕಾಲದ ಆಟಗಾರರ ಹೆಸರು ಹೇಳಿ "ಸ್ಟ್ರೀಕಿ" ಅನ್ನುತ್ತಾರೆ, ನಾನು ಸುಮ್ಮನೆ ಡಬ್ಬಿ ಖಾಲಿ ಮಾಡುತ್ತೇನೆ. ಇದನ್ನು ಎಲ್ಲಿಂದ ಶುರು ಮಾಡಲಿ?

ಮೊದಲು ಊರನ್ನು ತಿಳಿದುಕೋ. ರಾಲಿಯಲ್ಲಿ ಎನ್‌ಸಿ ಸ್ಟೇಟ್, ಚಾಪಲ್ ಹಿಲ್‌ನಲ್ಲಿ ಯುಎನ್‌ಸಿ, ಡರ್ಹಮ್‌ನಲ್ಲಿ ಡ್ಯೂಕ್, ಮೂರೂ ಒಂದಕ್ಕೊಂದು ಎದುರಾಳಿ ಕಾಲೇಜುಗಳು. ಬಣ್ಣ ಕ್ರಮವಾಗಿ ಕೆಂಪು, ತಿಳಿ ನೀಲಿ, ಕಡು ನೀಲಿ. ಕಾರು ಹತ್ತಿದರೆ ಒಂದರಿಂದ ಇನ್ನೊಂದಕ್ಕೆ ಮುಕ್ಕಾಲು ಗಂಟೆಯೂ ಇಲ್ಲ. ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ಮನೆತನದ ವಿಷಯ. ಯಾರು ಯಾವ ಕಡೆ ಅಂತ ಗೊತ್ತಾಗುವವರೆಗೆ ಯಾವ ಬಣ್ಣದ ಟೀ ಶರ್ಟನ್ನೂ ಕೊಳ್ಳಬೇಡ. ಹಳೆಯ ಆಟಗಾರರ ಬಗ್ಗೆ ಕೇಳು. ಆ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವವರು ಈ ಊರಿನಲ್ಲಿ ಸಿಗುವುದು ಕಷ್ಟ.

ಸ್ಟ್ರೀಕಿ ಅಂದರೆ ಕೈ ಕುದುರಿದ ದಿನ ಯಾರಿಂದಲೂ ತಡೆಯಲಾಗದ, ಕುದುರದ ದಿನ ಬರೀ ರಿಂಗಿಗೆ ಬಡಿಯುವ ಆಟಗಾರ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲೊಂದು ವಿಷಯ ಹೊಸದು. ಅಲ್ಲಿ ಒಂದು ತಪ್ಪು ಹೊಡೆತ ಹೊಡೆದರೆ ಪೆವಿಲಿಯನ್ನಿಗೆ ನಡೆಯಬೇಕು. ಇಲ್ಲಿ ಹತ್ತು ಶಾಟ್ ತಪ್ಪಿದರೂ ಹನ್ನೊಂದನೆಯದನ್ನು ಹಾಕಬಹುದು, ಕೋಚ್ ಬಿಟ್ಟರೆ ಸಾಕು. ಹಾಗಾಗಿ ಒಬ್ಬನೇ ಆಟಗಾರ ಒಂದೇ ಪಂದ್ಯವನ್ನು ಹಾಳೂ ಮಾಡಬಲ್ಲ, ಅದೇ ಪಂದ್ಯವನ್ನು ಉಳಿಸಿಯೂ ಕೊಡಬಲ್ಲ. ಜೊತೆಗೆ ಕಾಲೇಜು ಪಂದ್ಯ 40 ನಿಮಿಷದ್ದು, ವೃತ್ತಿಪರ ಲೀಗ್ ಎನ್‌ಬಿಎದು 48. ಮಾರ್ಚ್ ಟೂರ್ನಿಯಲ್ಲಿ, ಅಂದರೆ ಇಡೀ ದೇಶದ ಕಾಲೇಜು ಚಾಂಪಿಯನ್ನನ್ನು ಆರಿಸುವ ಟೂರ್ನಿಯಲ್ಲಿ, ಒಂದು ಸಲ ಸೋತರೆ ಮನೆಗೆ. ಏಳು ಪಂದ್ಯಗಳ ಸರಣಿ ಇಲ್ಲ. ಕುದುರಿದ ಒಂದು ಸಂಜೆ ಸಾಕು, ದೊಡ್ಡ ಕಾಲೇಜನ್ನು ಬೀಳಿಸುವುದಕ್ಕೆ.

ಮೊದಲು ಕಲಿಯಬೇಕಾದ ಹೆಸರು ರ‍್ಯಾಂಡಾಲ್ಫ್ ಚಿಲ್ಡ್ರೆಸ್. ಇದೇ ರಾಜ್ಯದ ವೇಕ್ ಫಾರೆಸ್ಟ್ ಕಾಲೇಜು, 1995, ಗ್ರೀನ್ಸ್‌ಬರೋದಲ್ಲಿ ನಡೆದ ಎಸಿಸಿ ಟೂರ್ನಿ (ಎಸಿಸಿ ಅಂದರೆ ಇಲ್ಲಿನ ಈ ಕಾಲೇಜುಗಳೆಲ್ಲ ಆಡುವ ಲೀಗ್). ಮೂರು ದಿನ ಮೂರು ಪಂದ್ಯ: ಡ್ಯೂಕ್ ಎದುರು 40 ಪಾಯಿಂಟ್, ವರ್ಜೀನಿಯಾ ಎದುರು 30, ಫೈನಲ್‌ನಲ್ಲಿ ಯುಎನ್‌ಸಿ ಎದುರು 37. ಒಟ್ಟು 107. ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ವೇಕ್ ಗಳಿಸಿದ 9 ಪಾಯಿಂಟ್ ಅಷ್ಟೂ ಅವನದೇ, ಕೊನೆಯ ಕ್ಷಣದ ಗೆಲುವಿನ ಶಾಟ್ ಸೇರಿ. 82–80. ಆದರೆ ಜನ ನೆನಪಿಟ್ಟುಕೊಂಡಿರುವುದು ಆ ಶಾಟನ್ನಲ್ಲ. ಅದಕ್ಕೂ ಮೊದಲು ಯುಎನ್‌ಸಿಯ ಜೆಫ್ ಮೆಕಿನಿಸ್ ಕಾವಲಿಗಿದ್ದಾಗ ಚಿಲ್ಡ್ರೆಸ್ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸರ‍್ರನೆ ದಾಟಿಸಿದ. ಮೆಕಿನಿಸ್ ಕಾಲು ತಪ್ಪಿ ನೆಲಕ್ಕೆ ಬಿದ್ದ. ದಾರಿ ಖಾಲಿ. ಚಿಲ್ಡ್ರೆಸ್ ಆಗಲೇ ಹೊಡೆಯಲಿಲ್ಲ. "ಎದ್ದೇಳು" ಅಂತ ಕೈಸನ್ನೆ ಮಾಡಿ, ಆಮೇಲೆ ತ್ರೀ ಹಾಕಿದ, ಅಂದರೆ ದೂರದ ಗೆರೆಯ ಆಚೆಯಿಂದ ಮೂರು ಪಾಯಿಂಟಿನ ಶಾಟ್. ವಿಡಿಯೊ ಸುಲಭವಾಗಿ ಸಿಗುತ್ತದೆ. ಎರಡು ಸಲ ನೋಡು, ಎರಡನೆಯ ಸಲ ಅವನ ಮುಖವನ್ನು ಬಿಟ್ಟು ಪಾದಗಳನ್ನು ಮಾತ್ರ. ಟೇಬಲ್ಲಿನಲ್ಲಿ ತಿಳಿ ನೀಲಿಯವರು ಇದ್ದರೆ ಈ ಮಾತನ್ನು ನೀನಾಗಿ ತೆಗೆಯಬೇಡ.

ಎರಡನೆಯ ಹೆಸರು ನಿನಗೆ ಗೊತ್ತೇ ಇದೆ, ಎನ್‌ಬಿಎ ತಾರೆ ಸ್ಟೀಫನ್ ಕರಿ. ಗೊತ್ತಿಲ್ಲದಿರುವುದು ಅವನ ಕಥೆ ನೀನಿರುವ ಊರಿನಲ್ಲೇ ಶುರುವಾಯಿತು ಅನ್ನುವುದು. ಡೇವಿಡ್‌ಸನ್ ಅನ್ನುವುದು ಶಾರ್ಲಟ್ ಪಕ್ಕದ ಪುಟ್ಟ ಕಾಲೇಜು. ಕರಿ ಆಡಿದ್ದು ಅದಕ್ಕೇ. 2008ರ ಮಾರ್ಚ್ ಟೂರ್ನಿಯಲ್ಲಿ ಅದಕ್ಕೆ ಸಿಕ್ಕಿದ್ದು 10ನೇ ಸೀಡ್ (ಸೀಡ್ ಅಂದರೆ ಟೂರ್ನಿಗೆ ಮುಂಚೆ ಕೊಡುವ ಶ್ರೇಯಾಂಕ, 1 ಎಲ್ಲಕ್ಕಿಂತ ಮೇಲು), ಮೊದಲ ಎರಡು ಪಂದ್ಯ ರಾಲಿಯಲ್ಲಿ, ಆಗ ಆರ್‌ಬಿಸಿ ಸೆಂಟರ್ ಅನ್ನುತ್ತಿದ್ದ, ಈಗ ಲೆನೋವೊ ಸೆಂಟರ್ ಆಗಿರುವ ಅರೀನಾದಲ್ಲಿ. ಗೊನ್ಜಾಗಾ ಎದುರು 40 ಪಾಯಿಂಟ್, ಅದರಲ್ಲಿ 30 ದ್ವಿತೀಯಾರ್ಧದಲ್ಲೇ. ಹತ್ತು ತ್ರೀ ಪ್ರಯತ್ನದಲ್ಲಿ ಎಂಟು ಬಿದ್ದವು. ಎರಡು ದಿನ ಬಿಟ್ಟು 2ನೇ ಸೀಡಿನ ಜಾರ್ಜ್‌ಟೌನ್ ಎದುರು ಮೊದಲಾರ್ಧದಲ್ಲಿ ಬರೀ 5. ತಂಡ 17 ಪಾಯಿಂಟ್ ಹಿಂದೆ ಬಿತ್ತು. ಆಮೇಲೆ 25 ಹೊಡೆದ, 74–70. ನಾಲ್ಕನೆಯ ಪಂದ್ಯದಲ್ಲಿ, ಡೆಟ್ರಾಯಿಟ್‌ನಲ್ಲಿ, ಕ್ಯಾನ್ಸಸ್ ಎದುರು 25 ಗಳಿಸಿದರೂ 59–57ರಲ್ಲಿ ಸೋಲು. ಕೊನೆಯ ಚೆಂಡು ಅವನ ಕೈಯಲ್ಲೇ ಇತ್ತು. ಇಬ್ಬರು ಮುತ್ತಿದಾಗ ಜೇಸನ್ ರಿಚರ್ಡ್ಸ್‌ಗೆ ದಾಟಿಸಿದ, ಆ ಶಾಟ್ ತಪ್ಪಿತು.

ಇನ್ನುಳಿದವರನ್ನು ಬೇಗ ಹೇಳುತ್ತೇನೆ. ಎನ್‌ಸಿ ಸ್ಟೇಟ್‌ನವರ ಹತ್ತಿರ ಮಾತಾಡುವುದಾದರೆ ರಾಡ್ನಿ ಮನ್ರೋ. ಅವನೂ ಕ್ರಿಸ್ ಕೋರ್ಕಿಯಾನಿಯೂ ಸೇರಿ "ಫೈರ್ ಅಂಡ್ ಐಸ್"; ಮನ್ರೋ ಐಸ್. 1989ರಲ್ಲಿ ಅಯೊವಾ ಎದುರು ಎರಡು ಹೆಚ್ಚುವರಿ ಅವಧಿಯ ಪಂದ್ಯದಲ್ಲಿ 40. ಯುಎನ್‌ಸಿಯನ್ನು 1999ರ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದವನು ಯೂಟಾದ ವೀಬರ್ ಸ್ಟೇಟ್‌ನ ಹೆರಾಲ್ಡ್ ಆರ್ಸೆನೋ, ಅಡ್ಡಹೆಸರು "ದಿ ಶೋ". 14ನೇ ಸೀಡಿನ ಆ ತಂಡ 76–74ರಲ್ಲಿ ಗೆದ್ದಿತು, 36 ಇವನದು. ಮುಂದಿನ ಪಂದ್ಯದಲ್ಲೂ 32 ಹೊಡೆದ, ಫ್ಲೋರಿಡಾ ಎದುರು ತಂಡ ಸೋತಿತು. ಮತ್ತೆ 1990ರ ಲೊಯೋಲಾ ಮೇರಿಮೌಂಟ್, ಲಾಸ್ ಏಂಜಲೀಸ್‌ನ ಕಾಲೇಜು. ತಂಡದ ಹ್ಯಾಂಕ್ ಗ್ಯಾದರ್ಸ್ ಆ ಮಾರ್ಚ್ 4ರಂದು ಆಡುತ್ತಲೇ ಕುಸಿದು ತೀರಿಕೊಂಡ. ಕೆಲವೇ ದಿನಗಳ ಮೇಲೆ ಅವರು ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್ನನ್ನು 149–115ರಲ್ಲಿ ಸೋಲಿಸಿದರು. ಜೆಫ್ ಫ್ರೈಯರ್ 11 ತ್ರೀ ಹಾಕಿದ. ಗ್ಯಾದರ್ಸ್‌ನ ಗೆಳೆಯ ಬೋ ಕಿಂಬಲ್ ಬಲಗೈಯವನು; ಆ ಟೂರ್ನಿಯ ಪ್ರತಿ ಪಂದ್ಯದ ತನ್ನ ಮೊದಲ ಫ್ರೀ ಥ್ರೋವನ್ನು (ಫೌಲ್ ಆದಾಗ ಯಾರೂ ಅಡ್ಡಬಾರದೆ ಹಾಕುವ ಶಾಟ್) ಗ್ಯಾದರ್ಸ್‌ನ ನೆನಪಿಗೆ ಎಡಗೈಯಲ್ಲಿ ಹಾಕಿದ. ಇದನ್ನು ಇಲ್ಲಿನ ಹಿರಿಯರು ಹೇಳುವಾಗ ಧ್ವನಿ ತಗ್ಗುತ್ತದೆ. ಕೇಳಿಸಿಕೋ, ನಡುವೆ ಮಾತಾಡಬೇಡ.

ಈಗ ಮುಖ್ಯವಾದ ವಿಷಯ. ನೀನು ಲೆಕ್ಕದವನು, "ಕೈ ಕುದುರುವುದು ಬರೀ ಭ್ರಮೆ, ಸಂಶೋಧನೆ ಆಗಿದೆ" ಅಂತ ಯಾರಾದರೂ ಹೇಳಿದಾಗ ಉತ್ತರ ಗೊತ್ತಿರಲಿ. 1985ರಲ್ಲಿ ಗಿಲೋವಿಚ್, ವ್ಯಾಲೋನ್, ಟ್ವರ್ಸ್ಕಿ ಹಾಗೆ ಬರೆದದ್ದು ನಿಜ. ಕಾರ್ನೆಲ್ ಕಾಲೇಜು ತಂಡದ 26 ಆಟಗಾರರಿಂದ ತಲಾ ನೂರರಷ್ಟು ಶಾಟ್ ಹಾಕಿಸಿ, ಬಿದ್ದ ಶಾಟಿನ ಮೇಲೆ ಮುಂದಿನದು ಹೆಚ್ಚು ಬೀಳುವುದಿಲ್ಲ ಅಂದರು. ಆದರೆ 2018ರಲ್ಲಿ ಮಿಲ್ಲರ್ ಮತ್ತು ಸಂಹೂರ್ಹೊ ಆ ಲೆಕ್ಕದಲ್ಲೇ ಒಂದು ಓರೆ ತೋರಿಸಿದರು. ನೀನೇ ಮಾಡಿ ನೋಡು. ನಾಣ್ಯವನ್ನು ಮೂರು ಸಲ ಚಿಮ್ಮಿಸಿದರೆ ಎಂಟು ಬಗೆ. ಪ್ರತಿಯೊಂದರಲ್ಲೂ ಹೆಡ್ ಬಿದ್ದ ಮೇಲಿನ ಚಿಮ್ಮುಗಳಲ್ಲಿ ಎಷ್ಟು ಪಾಲು ಮತ್ತೆ ಹೆಡ್ ಅಂತ ಬರೆ. ಎರಡು ಬಗೆಯಲ್ಲಿ ಹೆಡ್ ಆದ ಮೇಲೆ ಚಿಮ್ಮೇ ಇಲ್ಲ, ಬಿಡು. ಉಳಿದ ಆರರಲ್ಲಿ ಹೆಡ್-ಹೆಡ್-ಹೆಡ್ 1, ಟೇಲ್-ಹೆಡ್-ಹೆಡ್ 1, ಹೆಡ್-ಹೆಡ್-ಟೇಲ್ ಅರ್ಧ, ಮಿಕ್ಕ ಮೂರೂ ಸೊನ್ನೆ. ಎರಡೂವರೆಯನ್ನು ಆರರಿಂದ ಭಾಗಿಸಿದರೆ ಶೇ 42, ಶೇ 50 ಅಲ್ಲ. ಅಂದರೆ ಚಿಕ್ಕ ಸಾಲುಗಳಲ್ಲಿ ಹೀಗೆ ಅಳೆದಾಗ ಕುದುರದ ಕೈಯೇ ಸರಾಸರಿಗಿಂತ ಕೆಳಗೆ ಕಾಣುತ್ತದೆ. ಸರಾಸರಿಗೆ ಸಮ ಕಂಡವನು ನಿಜಕ್ಕೂ ಕುದುರಿದ್ದಾನೆ.

ಹಾಗಂತ ಎಲ್ಲವನ್ನೂ ಕೈಗೆ ಕಟ್ಟಬೇಡ. ಶೇ 35ರ ಲೆಕ್ಕದಲ್ಲಿ ತ್ರೀ ಹಾಕುವವನು ಪಂದ್ಯಕ್ಕೆ ಹತ್ತು ಸಲ ಪ್ರಯತ್ನಿಸಿದ ಅಂತಿಟ್ಟುಕೋ. ಬರೀ ಅದೃಷ್ಟದಿಂದಲೇ ಆರು ಅಥವಾ ಹೆಚ್ಚು ಬೀಳುವ ಸಾಧ್ಯತೆ ಶೇ 9.5, ಒಂದು ಅಥವಾ ಸೊನ್ನೆ ಬೀಳುವುದು ಶೇ 8.6. ಮೂವತ್ತು ಪಂದ್ಯದ ಋತುವಿನಲ್ಲಿ ಸುಮಾರು ಮೂರು ಅದ್ಭುತ ರಾತ್ರಿ, ಎರಡು ಮೂರು ಕೆಟ್ಟ ರಾತ್ರಿ. ಸ್ಟ್ರೀಕಿ ಅನ್ನಿಸಿಕೊಂಡ ಎಷ್ಟೋ ಆಟಗಾರರು ದೂರದಿಂದ ಹೆಚ್ಚು ಹೊಡೆಯುವವರು, ಅಷ್ಟೆ. 2011ರಲ್ಲಿ ದೇಶಕ್ಕೇ ಹೆಚ್ಚು ಸರಾಸರಿ ಗಳಿಸಿದ ಬಿವೈಯುನ ಜಿಮ್ಮರ್ ಫ್ರೆಡೆಟ್ ಕೂಡ ಫ್ಲೋರಿಡಾ ಎದುರಿನ ಕೊನೆಯ ಪಂದ್ಯದಲ್ಲಿ 15 ತ್ರೀ ಪ್ರಯತ್ನಿಸಿದ, ಬಿದ್ದದ್ದು 3.

ಟಿವಿಯಲ್ಲಿ ನೋಡುವಾಗ ಶಾಟ್ ಬಿತ್ತೋ ಇಲ್ಲವೋ ಅನ್ನುವುದಕ್ಕಿಂತ ಹೇಗೆ ತಪ್ಪಿತು ಅಂತ ಗಮನಿಸು. ದೂರ ಸಾಲದೆ ರಿಂಗಿನ ಮುಂಭಾಗಕ್ಕೆ ಬಡಿಯುತ್ತಿದ್ದರೆ ಹೆಚ್ಚಾಗಿ ಕಾಲು ಸೋತಿದೆ, ಕೈಯಲ್ಲ. ಎಡಬಲಕ್ಕೆ ಹೋಗುತ್ತಿದ್ದರೆ ಭುಜ ತಿರುಗಿದೆ ಅಥವಾ ಅವಸರದಲ್ಲಿ ಬಿಟ್ಟಿದ್ದಾನೆ. ಚೆಂಡು ಸಿಗುವಷ್ಟರಲ್ಲಿ ಪಾದ ಊರಿತ್ತೇ ನೋಡು. ಫೌಲ್ ಎಣಿಸು: ಐದಾದರೆ ಹೊರಗೆ, ಹಾಗಾಗಿ ಮೊದಲಾರ್ಧದಲ್ಲಿ ಎರಡಾದರೇ ಎಷ್ಟೋ ಕೋಚ್‌ಗಳು ಬೆಂಚಿಗೆ ಕೂರಿಸುತ್ತಾರೆ, ಕುದುರಿದ ಕೈ ಅಲ್ಲೇ ತಣ್ಣಗಾಗುತ್ತದೆ. ಎದುರಾಳಿ ಏನು ಮಾಡುತ್ತಾನೆ ಅನ್ನುವುದೂ ಮುಖ್ಯ. ನಾಲ್ವರು ಜಾಗ ಕಾಯುತ್ತ ಐದನೆಯವನು ಒಬ್ಬನಿಗೇ ಅಂಟಿಕೊಂಡರೆ ಅದು ಬಾಕ್ಸ್ ಅಂಡ್ ವನ್. 2008ರ ನವೆಂಬರಿನಲ್ಲಿ ಬಾಲ್ಟಿಮೋರಿನ ಲೊಯೋಲಾ ಇನ್ನೂ ಮುಂದೆ ಹೋಗಿ ಕರಿಗೆ ಪಂದ್ಯವಿಡೀ ಇಬ್ಬರನ್ನು ಹಚ್ಚಿತು. ಅವನು ಮೂರೇ ಶಾಟ್ ಹಾಕಿ ಸೊನ್ನೆ ಗಳಿಸಿ ಮೂಲೆಯಲ್ಲಿ ನಿಂತ. ಉಳಿದ ನಾಲ್ವರಿಗೆ ಎದುರಾಳಿ ಮೂವರೇ. ಡೇವಿಡ್‌ಸನ್ 78–48ರಲ್ಲಿ ಗೆದ್ದಿತು. ಸೊನ್ನೆ ಹೊಡೆದೂ ಪಂದ್ಯ ಆಳಿದ್ದು ಅಂದರೆ ಇದು, ನನಗೆ 40ರ ರಾತ್ರಿಗಿಂತ ಇದೇ ಹೆಚ್ಚು.

ಕಾಲ ಕಾಲದ ಅಂಕಿಗಳನ್ನು ನೇರ ಹೋಲಿಸಬೇಡ. ಕಾಲೇಜಿನಲ್ಲಿ ಎಲ್ಲ ಕಡೆ ತ್ರೀ ಗೆರೆ ಬಂದದ್ದು 1986–87ರಲ್ಲಿ, 19 ಅಡಿ 9 ಇಂಚಿಗೆ. 2008–09ರಲ್ಲಿ ಒಂದು ಅಡಿ ಹಿಂದೆ ಹೋಯಿತು, 2019–20ರಿಂದ ಪುರುಷರಿಗೆ 22 ಅಡಿ 1¾ ಇಂಚು. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಶಾಟ್ ಹಾಕಲು ಇರುವ ಗಡುವು, 1985–86ರಲ್ಲಿ 45 ಸೆಕೆಂಡ್ ಇದ್ದದ್ದು ಈಗ 30. ಎಲ್‌ಎಸ್‌ಯು ಕಾಲೇಜಿನ ಪೀಟ್ ಮ್ಯಾರವಿಚ್ 1970ರಲ್ಲಿ ಕಾಲೇಜು ಆಟ ಮುಗಿಸಿದಾಗ ಗೆರೆಯೂ ಇರಲಿಲ್ಲ, ಕ್ಲಾಕೂ ಇರಲಿಲ್ಲ. ಆದರೂ ಅವನ ಮೂರು ವರ್ಷದ ಸರಾಸರಿ ಪಂದ್ಯಕ್ಕೆ 44.2 ಪಾಯಿಂಟ್.

ಮಾರ್ಚ್ ಮಧ್ಯದ ಒಂದು ಭಾನುವಾರ ಸಂಜೆ 68 ತಂಡಗಳ ಪಟ್ಟಿ ಹೊರಬೀಳುತ್ತದೆ. ಆಫೀಸಿನಲ್ಲಿ ಬ್ರ್ಯಾಕೆಟ್ (ಪ್ರತಿ ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಊಹಿಸಿ ಬರೆಯುವ ಪಟ್ಟಿ) ತುಂಬಲು ಕರೆದರೆ ಸೇರಿಕೋ. ದುಡ್ಡು ಇಟ್ಟು ಆಡುವುದಾದರೆ ಮೊದಲು ಕಂಪನಿಯ ನಿಯಮ ನೋಡು. ಗುರುವಾರ ಮಧ್ಯಾಹ್ನ ಮೊದಲ ಪಂದ್ಯ ಶುರುವಾಗುವುದರೊಳಗೆ ಕೊಡಬೇಕು, ಆಮೇಲೆ ಬದಲಿಸಲಾಗದು. ಅಂಕ ಸಾಮಾನ್ಯವಾಗಿ 1, 2, 4, 8, 16, 32 ಅಂತ ಸುತ್ತಿಗೆ ಇಮ್ಮಡಿ. ಹಾಗಾಗಿ ಕುದುರುವ ಒಬ್ಬನನ್ನೇ ನಂಬಿದ ಪುಟ್ಟ ಕಾಲೇಜನ್ನು ಮೊದಲ ಸುತ್ತಿನಲ್ಲಿ ಒಂದೆರಡು ಕಡೆ ಗೆಲ್ಲಿಸು, ಕೊನೆಯ ನಾಲ್ಕಕ್ಕೆ ಒಯ್ಯಬೇಡ. ಯಾವ ಕಾಲೇಜು ಅಂತ ತೋಚದಿದ್ದರೆ ಪಕ್ಕದ ಸೀಟಿನವರನ್ನೇ ಕೇಳು, "ಈ ವರ್ಷ ಆರ್ಸೆನೋ ಥರದವನು ಯಾರಿದ್ದಾನೆ?" ಅಂತ.