ಲಿಥಿಯಂ ಮಾತ್ರೆಯಿಂದ ಎದೆಬಡಿತ ನಿಧಾನವಾಗುತ್ತದಾ?

ಅಣ್ಣನಿಗೆ ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ), ವರ್ಷಗಳಿಂದ ಲಿಥಿಯಂ ತಗೋತಿದ್ದಾರೆ, ಈಗ ಮೂರು ದಿನದಿಂದ ಭೇದಿ, ಕೈ ನಡುಕ, ನಾಡಿ 44, ಇದು ಮಾತ್ರೆಯಿಂದಲೇ ಇರಬಹುದಾ ಅಂತ ಕೇಳಿದ್ದೀರಿ.

ಇರಬಹುದು. ಉಳಿದದ್ದನ್ನು ಆಮೇಲೆ ಓದಿ. ಮೊದಲು ಅವರನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಈಗಲೇ. ಡಾಕ್ಟರ್ ನೋಡುವವರೆಗೆ ಮುಂದಿನ ಡೋಸ್ ಕೊಡಬೇಡಿ.

ನಾನು ಐಸಿಯು ನರ್ಸ್. ಇಂಥವರ ಮನೆಯವರು "ಮಾತ್ರೆ ಜಾಸ್ತಿ ತಗೊಂಡಿಲ್ಲ, ದಿನಾ ತಗೊಳ್ಳೋದೇ" ಅನ್ನುತ್ತಾರೆ. ಅದು ನಿಜವೇ ಇರುತ್ತದೆ. ಲಿಥಿಯಂ ಹೊರಗೆ ಹೋಗುವುದು ಕಿಡ್ನಿಯಿಂದ. ಭೇದಿಯಲ್ಲಿ ನೀರು, ಉಪ್ಪು ಹೋದರೆ ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತದೆ, ಅದರ ಜೊತೆ ಲಿಥಿಯಂ ಕೂಡ ಉಳಿಯುತ್ತದೆ. ಬಿಪಿಯ ಟೆಲ್ಮಿಸಾರ್ಟನ್, ಲೊಸಾರ್ಟನ್, ಮೂತ್ರ ಜಾಸ್ತಿ ಮಾಡಿಸುವ ಥಯಜೈಡ್, ಮೈಕೈ ನೋವಿನ ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಲ್ಲವೂ ಇದನ್ನೇ ಮಾಡಬಲ್ಲವು. ಮೆಡಿಕಲ್ ಶಾಪಿನಿಂದ ಸುಮ್ನೆ ತಂದ ನೋವಿನ ಮಾತ್ರೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ.

ಹೃದಯದ ಬಡಿತ ಶುರುವಾಗುವ ಜಾಗ ಸೈನಸ್ ನೋಡ್. ಲಿಥಿಯಂ ಅದನ್ನು ಮಂಕಾಗಿಸಬಹುದು. ಆಗ ನಾಡಿ ಇಳಿಯುತ್ತದೆ, ಕೆಲವರಿಗೆ ಬಡಿತ ಕೆಲವು ಸೆಕೆಂಡ್ ನಿಂತು ತಲೆಸುತ್ತಿ ಬೀಳುತ್ತಾರೆ. ಇಸಿಜಿಯಲ್ಲಿ ಟಿ ಅಲೆ (ಪ್ರತಿ ಬಡಿತದ ಕೊನೆಗೆ ಬರುವ ಉಬ್ಬು) ಚಪ್ಪಟೆಯಾಗುವುದು ಲಿಥಿಯಂ ಸರಿಯಾದ ಮಟ್ಟದಲ್ಲಿದ್ದಾಗಲೂ ಉಂಟು, ಅದೊಂದಕ್ಕೇ ಗಾಬರಿ ಬೇಡ. ಕ್ಯೂಟಿ, ಅಂದರೆ ಇಸಿಜಿಯಲ್ಲಿ ಬಡಿತದ ಶುರುವಿನಿಂದ ಟಿ ಅಲೆ ಮುಗಿಯುವವರೆಗಿನ ಸಮಯ, ಉದ್ದವಾಗಿದ್ದರೆ ಮಾತು ಬೇರೆ, ಬಡಿತ ಅಪಾಯಕಾರಿಯಾಗಿ ಏರುಪೇರಾಗಬಹುದು.

ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷ ಅಂತ ಲೆಕ್ಕ. ಆದರೆ ಸೈನಸ್ ನೋಡ್ ತೊಂದರೆ ನಾರ್ಮಲ್ ಮಟ್ಟದಲ್ಲೂ ಬರುತ್ತದೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಅಂದರೂ ಇಸಿಜಿ ಮಾಡಿಸದೆ ಮನೆಗೆ ಬರಬೇಡಿ. ಥೈರಾಯ್ಡ್ ಕೂಡ ನೋಡಲಿ. ಲಿಥಿಯಂ ಅದರ ಕೆಲಸವನ್ನೂ ಕಡಿಮೆ ಮಾಡಬಹುದು, ಅದರಿಂದಲೂ ನಾಡಿ ನಿಧಾನ ಆಗಬಹುದು, ಅಲ್ವಾ. (ಹಸಿರು ಮುಚ್ಚಳದ ಕೆಲವು ಟ್ಯೂಬುಗಳಲ್ಲಿ ಲಿಥಿಯಂ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ, ಲಿಥಿಯಂ ಇರುವ ಪದಾರ್ಥ) ಇರುತ್ತದೆ. ಅದರಲ್ಲಿ ರಕ್ತ ತೆಗೆದರೆ ಸುಳ್ಳು ಲೆಕ್ಕ ಬರುತ್ತದೆ, ಲ್ಯಾಬಿನವರಿಗೆ ಇದು ಗೊತ್ತಿರಬೇಕು.)

ಇದಕ್ಕೆ ಪ್ರತಿಮದ್ದು ಇಲ್ಲ. ಸಲೈನ್ ಹಾಕುತ್ತಾರೆ, ಮಾನಿಟರ್‌ನಲ್ಲಿ ಇಡುತ್ತಾರೆ. ಬಡಿತ ತೀರಾ ಕೆಟ್ಟರೆ, ಪ್ರಜ್ಞೆ ಮಂಕಾದರೆ ಡಯಾಲಿಸಿಸ್. ಅದಾದ ಮೇಲೂ ಜೀವಕೋಶಗಳಿಂದ ಲಿಥಿಯಂ ಮತ್ತೆ ರಕ್ತಕ್ಕೆ ಬರುವುದರಿಂದ ಮರುಪರೀಕ್ಷೆ ಮಾಡುತ್ತಾರೆ. ಮಟ್ಟ ಇಳಿದಂತೆ ಬಡಿತ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಮೇಲೆ ಲಿಥಿಯಂ ಮತ್ತೆ ಶುರು ಮಾಡಬೇಕಾ, ಪೂರ್ತಿ ಬಿಡಬೇಕಾ ಅನ್ನುವುದನ್ನು ನೀವೇ ತೀರ್ಮಾನಿಸಬೇಡಿ, ಸೈಕಿಯಾಟ್ರಿಸ್ಟ್‌ಗೆ ಫೋನ್ ಮಾಡಿ. ಬೇರೆ ಮಾತ್ರೆ ಹಿಡಿಸದವರಿಗೆ ಪೇಸ್‌ಮೇಕರ್ ಹಾಕಿ ಲಿಥಿಯಂ ಮುಂದುವರಿಸಿದ್ದೂ ಉಂಟು.